ಯಾವ ಊರಿಗೆ ಯಾವ ರೇಸು?

ಫಿನ್‌ಲ್ಯಾಂಡ್ ದೇಶದ ಒಟ್ಟು ಜನಸಂಖ್ಯೆ ಐವತ್ತಾರು ಲಕ್ಷದ ಆಸುಪಾಸು. ಬೆಂಗಳೂರಿನ ಅರ್ಧದಷ್ಟು ಜನವೂ ಅಲ್ಲಿಲ್ಲ. ಆದರೆ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ ಚಾಲಕರಿಗೆ ಪಟ್ಟ ಕೊಡೋಕೆ ಶುರುಮಾಡಿದ 1979ರಿಂದ ಈಚೆಗೆ ಏಳು ಮಂದಿ ಫಿನ್ನರು ಅದನ್ನ ಗೆದ್ದಿದ್ದಾರೆ. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ಪಿನ ಒಂದೇ ಒಂದು ರೇಸೂ ಆ ದೇಶದಲ್ಲಿ ನಡೆದಿಲ್ಲ. ಆದರೂ ಕೆಕೆ ರೋಸ್‌ಬರ್ಗ್, ಮಿಕಾ ಹಾಕಿನೆನ್, ಕಿಮಿ ರೈಕೋನೆನ್ ಅಂತ ಮೂವರು ಫಾರ್ಮುಲಾ ಒನ್ ಚಾಂಪಿಯನ್ನರು ಅಲ್ಲಿಂದ ಬಂದರು. ಈಗ ಅಮೆರಿಕ ನೋಡಿ. ಮೂವತ್ಮೂರು ಕೋಟಿ ಜನ, ಮನೆಗೆರಡು ಕಾರು. ಫಾರ್ಮುಲಾ ಒನ್ ಚಾಂಪಿಯನ್ನರು ಇಬ್ಬರೇ: 1961ರಲ್ಲಿ ಫಿಲ್ ಹಿಲ್, 1978ರಲ್ಲಿ ಮಾರಿಯೋ ಆಂಡ್ರೆಟ್ಟಿ. ರ‍್ಯಾಲಿ ಚಾಂಪಿಯನ್ ಒಬ್ಬನೂ ಇಲ್ಲ. ಹಾಗಂತ ಅಮೆರಿಕನ್ನರಿಗೆ ರೇಸಿನ ಹುಚ್ಚಿಲ್ಲ ಅಂದುಕೊಳ್ಳಬೇಡಿ. ಇಂಡಿಯಾನಾಪೊಲಿಸ್‌ನಲ್ಲಿ, ಡೇಟೋನಾದಲ್ಲಿ ಸೇರುವ ಜನಸಾಗರ ನೋಡಿದರೆ ನಮ್ಮ ಜಾತ್ರೆಗಳು ನೆನಪಾಗುತ್ತವೆ. ಅವರ ರೇಸೇ ಬೇರೆ, ಅಷ್ಟೆ.

ಇನ್ನು ಪೋಲೆಂಡು. ಅಲ್ಲಿನ ಸಣ್ಣ ಊರುಗಳಲ್ಲಿ ಜನ ಮುಗಿಬಿದ್ದು ನೋಡುವುದು ಸ್ಪೀಡ್‌ವೇ ಅನ್ನೋ ಆಟವನ್ನ. ಬ್ರೇಕೇ ಇಲ್ಲದ ಬೈಕುಗಳ ಓಟ ಅದು.

ಇದಕ್ಕೆ ಜನ ಸಾಮಾನ್ಯವಾಗಿ ಕೊಡುವ ವಿವರಣೆ ಏನಂದ್ರೆ, 'ಅದು ಅವರ ರಕ್ತದಲ್ಲೇ ಇದೆ.' ಫಿನ್ನರು ಗಟ್ಟಿ ಗುಂಡಿಗೆಯವರು, ಇಟಲಿಯವರು ಭಾವುಕರು, ಅಮೆರಿಕದವರಿಗೆ ದೊಡ್ಡ ಸದ್ದು ಇಷ್ಟ, ನಮಗೆ ಕ್ರಿಕೆಟ್ ಬಿಟ್ಟು ಇನ್ನೇನೂ ಬೇಡ. ಈ ಮಾತು ಹೇಳೋಕೆ ಸುಲಭ, ಕೇಳೋಕೂ ಹಿತ. ನಾನು ರೇಸು ಓಡಿಸಿದವನಲ್ಲ, ನೋಡುವವನು. ನೋಡ್ತಾ ನೋಡ್ತಾ ಒಂದೊಂದು ದೇಶದ ರೇಸಿನ ಹುಟ್ಟು ಎಲ್ಲಿ ಅಂತ ಕೆದಕುವ ಚಟ ಹತ್ತಿತು. ಕೆದಕಿದಲ್ಲೆಲ್ಲ ನನಗೆ ಸಿಕ್ಕಿದ್ದು ರಕ್ತ ಅಲ್ಲ, ಮೂರು ಬಹಳ ಸಾಧಾರಣ ಸಂಗತಿಗಳು. ಆ ದೇಶದಲ್ಲಿ ಯಾವ ಜಾಗ ಖಾಲಿ ಬಿದ್ದಿತ್ತು? ಕಾನೂನು ಯಾವುದನ್ನ ತಡೆದಿತ್ತು, ಯಾವುದನ್ನ ಬಿಟ್ಟಿತ್ತು? ಸಾಮಾನ್ಯನ ಕೈಗೆ ಎಟುಕುವ ಗಾಡಿ ಯಾವುದಿತ್ತು?

ಮೊದಲು ಫ್ರಾನ್ಸಿನಿಂದ ಶುರುಮಾಡೋಣ, ಯಾಕಂದ್ರೆ ಮೋಟಾರು ರೇಸು ಶುರುವಾಗಿದ್ದೇ ಅಲ್ಲಿ. 1894ರಲ್ಲಿ 'ಲ ಪೆತಿ ಜುರ್ನಾಲ್' ಅನ್ನೋ ಪತ್ರಿಕೆ ಪ್ಯಾರಿಸ್‌ನಿಂದ ರೂವಾನ್‌ವರೆಗೆ ಕುದುರೆಯಿಲ್ಲದ ಗಾಡಿಗಳ ಸ್ಪರ್ಧೆ ಇಟ್ಟಿತು. ಮರುವರ್ಷವೇ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ವಾಪಸ್ ಬರುವ ಓಟ. ಎಮಿಲ್ ಲೆವಾಸೋರ್ ಎಂಬಾತ ಎರಡು ಹಗಲು ಎರಡು ರಾತ್ರಿ ಹೆಚ್ಚುಕಮ್ಮಿ ಒಬ್ಬನೇ ಓಡಿಸಿ ಎಲ್ಲರಿಗಿಂತ ಮೊದಲು ಬಂದ. ಇದು ಫ್ರಾನ್ಸಿನಲ್ಲೇ ಯಾಕೆ ಸಾಧ್ಯವಾಯ್ತು? ಅಲ್ಲಿ ಸರ್ಕಾರಿ ಎಂಜಿನಿಯರುಗಳು ತಲೆಮಾರುಗಳಿಂದ ಕಟ್ಟಿ ಕಾಪಾಡಿಕೊಂಡು ಬಂದ ಉದ್ದುದ್ದ ನೇರ ಹೆದ್ದಾರಿಗಳಿದ್ದವು. ಆ ರಸ್ತೆಗಳನ್ನ ಓಟಕ್ಕೆ ಬಿಟ್ಟುಕೊಡಲು ಅಧಿಕಾರಿಗಳ ಅಡ್ಡಿ ಇರಲಿಲ್ಲ. 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲಿ ದಾರಿಯುದ್ದಕ್ಕೂ ಅಪಘಾತವಾಗಿ ಚಾಲಕರು, ನೋಡಲು ನಿಂತವರು ಸೇರಿ ಹಲವರು ಸತ್ತರು. ರೆನೋ ಕಂಪನಿಯ ಸಹೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಕೂಡ ಸತ್ತ. ಸರ್ಕಾರ ಬೋರ್ಡೋದಲ್ಲೇ ಓಟ ನಿಲ್ಲಿಸಿತು. ಆಮೇಲೆ ಫ್ರೆಂಚರು ಕಂಡುಕೊಂಡ ದಾರಿ ಅಂದ್ರೆ, ಊರಿಂದೂರಿಗೆ ಓಡೋದು ಬೇಡ, ಒಂದಷ್ಟು ಹಳ್ಳಿ ರಸ್ತೆಗಳನ್ನ ಸುತ್ತುಗಟ್ಟಿ ಮುಚ್ಚಿ ಅದರಲ್ಲೇ ಓಡೋಣ. 1906ರಲ್ಲಿ ಲ ಮಾನ್ಸ್ ಊರಿನ ಬಳಿ ನಡೆದ ಮೊದಲ ಗ್ರ್ಯಾನ್ ಪ್ರಿ ಹಾಗೆ ನಡೆದದ್ದು. ಇವತ್ತಿಗೂ ಲ ಮಾನ್ಸ್‌ನ 24 ಗಂಟೆಗಳ ರೇಸಿನ ಟ್ರ್ಯಾಕಿನಲ್ಲಿ ದೊಡ್ಡ ಭಾಗ, ವರ್ಷದ ಉಳಿದ ದಿನ ಜನ ತರಕಾರಿ ತರಲು ಓಡಾಡುವ ರಸ್ತೆಯೇ.

ಕಾಲುವೆಯಾಚೆ ಇಂಗ್ಲೆಂಡಿನಲ್ಲಿ ಕಥೆ ತಿರುಗಾಮುರುಗ. ಅಲ್ಲಿ ಯಂತ್ರದ ಗಾಡಿ ರಸ್ತೆಗಿಳಿದರೆ ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕು ಅನ್ನೋ 1865ರ ಕಾನೂನು ಕುಖ್ಯಾತವಾದದ್ದು. 1896ರಲ್ಲಿ ಆ ಕಾಟ ತಪ್ಪಿತು. 1903ರ ಮೋಟಾರು ಕಾಯ್ದೆ ಗಂಟೆಗೆ 20 ಮೈಲಿ, ಅಂದ್ರೆ ಸುಮಾರು 32 ಕಿಲೋಮೀಟರಿನ ಮಿತಿ ಹಾಕಿತು. ರೇಸಿಗೆಂದು ಸಾರ್ವಜನಿಕ ರಸ್ತೆ ಮುಚ್ಚಬೇಕಾದರೆ ಪಾರ್ಲಿಮೆಂಟೇ ಕಾನೂನು ಮಾಡಬೇಕಿತ್ತು. 1902ರಲ್ಲಿ ಸೆಲ್ವಿನ್ ಎಡ್ಜ್ ಎಂಬ ಇಂಗ್ಲಿಷಿನವ ಗಾರ್ಡನ್ ಬೆನೆಟ್ ಕಪ್ ಗೆದ್ದುಬಿಟ್ಟ. ಗೆದ್ದವರ ದೇಶವೇ ಮುಂದಿನ ವರ್ಷ ರೇಸು ನಡೆಸಬೇಕು ಅನ್ನೋ ನಿಯಮ ಇತ್ತು. ಗೆದ್ದದ್ದೇ ತಲೆನೋವಾಯ್ತು ನೋಡಿ! ಕೊನೆಗೆ ವಿಶೇಷ ಕಾನೂನು ಮಾಡಿ ಐರ್ಲೆಂಡಿನಲ್ಲಿ ನಡೆಸಿದರು.

ಈ ಬಿಗಿಯಿಂದ ಹುಟ್ಟಿದ್ದು ಎರಡು ಸಂಗತಿ. ಮೊದಲನೆಯದು ಐಲ್ ಆಫ್ ಮ್ಯಾನ್. ಇಂಗ್ಲೆಂಡು–ಐರ್ಲೆಂಡ್ ನಡುವಿನ ಈ ಪುಟ್ಟ ದ್ವೀಪಕ್ಕೆ ತನ್ನದೇ ಶಾಸನಸಭೆ ಇದೆ, ಟಿನ್‌ವಾಲ್ಡ್ ಅಂತ. ಅದು 1904ರಲ್ಲಿ ರಸ್ತೆ ಮುಚ್ಚಿ ರೇಸು ನಡೆಸಲು ತಾನೇ ಕಾನೂನು ಮಾಡಿತು. 1907ರಿಂದ ಅಲ್ಲಿ ಮೋಟಾರ್‌ಸೈಕಲ್ ಟಿಟಿ ರೇಸು ನಡೀತಾ ಬಂದಿದೆ. ಸುಮಾರು 60 ಕಿಲೋಮೀಟರಿನ ಬೆಟ್ಟದ ರಸ್ತೆ, ಎರಡೂ ಬದಿ ಕಲ್ಲಿನ ಗೋಡೆ, ಮನೆಯ ಕಾಂಪೌಂಡು. ಇನ್ನೂರಕ್ಕೂ ಹೆಚ್ಚು ಸವಾರರು ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಆದರೂ ನಿಂತಿಲ್ಲ. ಎರಡನೆಯದು ಬ್ರೂಕ್‌ಲ್ಯಾಂಡ್ಸ್. ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರ ಸರ್ರೆಯ ತನ್ನ ಸ್ವಂತ ನೆಲದಲ್ಲಿ 1907ರಲ್ಲಿ ಕಾಂಕ್ರೀಟಿನ ಟ್ರ್ಯಾಕ್ ಕಟ್ಟಿಸಿದ. ಸ್ವಂತ ಜಮೀನಿನಲ್ಲಿ ಎಷ್ಟು ವೇಗವಾಗಿ ಓಡಿಸಿದರೂ ಕೇಳುವವರಿಲ್ಲ ತಾನೆ? ಅದಕ್ಕೆ. ಕಾರ್ ರೇಸು ಹೇಗೆ ನಡೆಸಬೇಕು ಅನ್ನೋದು ಆಗ ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಕುದುರೆ ರೇಸಿನ ಪದ್ಧತಿಯನ್ನೇ ಎತ್ತಿಕೊಂಡರು. ಚಾಲಕರು ಜಾಕಿಗಳ ಹಾಗೆ ಬಣ್ಣದ ಅಂಗಿ ತೊಟ್ಟು ಕಾರು ಓಡಿಸುತ್ತಿದ್ದರು!

ಎರಡನೇ ಮಹಾಯುದ್ಧದಲ್ಲಿ ಬ್ರೂಕ್‌ಲ್ಯಾಂಡ್ಸ್ ವಿಮಾನ ತಯಾರಿಕೆಯ ಪಾಲಾಯ್ತು, ರೇಸು ಅಲ್ಲಿಗೆ ಮುಗೀತು. ಆದರೆ ಅದೇ ಯುದ್ಧ ಇಂಗ್ಲೆಂಡಿನ ತುಂಬ ವಾಯುಪಡೆಯ ರನ್‌ವೇಗಳನ್ನ ಬಿಟ್ಟುಹೋಯ್ತು. ಯುದ್ಧ ಮುಗಿದ ಮೇಲೆ ನೂರಾರು ಏರ್‌ಫೀಲ್ಡುಗಳು ಹಾಳು ಸುರೀತಾ ಬಿದ್ದಿದ್ದವು. ಬಾಂಬರ್ ವಿಮಾನಗಳ ನೆಲೆಯಾಗಿದ್ದ ಸಿಲ್ವರ್‌ಸ್ಟೋನಿನಲ್ಲಿ 1948ರಲ್ಲಿ ಹುಲ್ಲಿನ ಹೊರೆ, ಎಣ್ಣೆ ಡ್ರಮ್ಮು ಇಟ್ಟು ತಿರುವು ಗುರುತು ಮಾಡಿ ಗ್ರ್ಯಾನ್ ಪ್ರಿ ನಡೆಸಿದರು. 1950ರ ಮೇ 13ರಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ಪಿನ ಮೊಟ್ಟಮೊದಲ ರೇಸು ನಡೆದದ್ದೂ ಅಲ್ಲೇ. ಗುಡ್‌ವುಡ್, ಸ್ನೆಟರ್ಟನ್, ಥ್ರಕ್ಸ್‌ಟನ್ ಎಲ್ಲವೂ ಹಳೇ ಏರ್‌ಫೀಲ್ಡುಗಳೇ. ಜಾಗ ಆಯ್ತು, ಗಾಡಿ? ಆಸ್ಟಿನ್ ಸೆವೆನ್ ಅಂತ ಒಂದು ಪುಟ್ಟ ಅಗ್ಗದ ಕಾರು ಇತ್ತು. ಹಳೇದಾದ ಮೇಲೆ ಅದರ ಮೈ ಕಿತ್ತು ಹಾಕಿ ಹುಡುಗರು ಗ್ಯಾರೇಜಿನಲ್ಲಿ ರೇಸ್ ಕಾರು ಮಾಡಿಕೊಳ್ಳುತ್ತಿದ್ದರು. ಕಾಲಿನ್ ಚಾಪ್‌ಮನ್ 1948ರಲ್ಲಿ ಕಟ್ಟಿದ ಮೊದಲ ಕಾರು ಅಂಥದ್ದೇ. ಅವನೇ ಮುಂದೆ ಲೋಟಸ್ ಕಂಪನಿ ಕಟ್ಟಿದ. ಇವತ್ತು ಫಾರ್ಮುಲಾ ಒನ್ ತಂಡಗಳ ನಕ್ಷೆ ತೆಗೆದು ನೋಡಿ. ಮರ್ಸಿಡಿಸ್ ಬ್ರ್ಯಾಕ್ಲಿಯಲ್ಲಿ, ರೆಡ್‌ಬುಲ್ ಮಿಲ್ಟನ್ ಕೀನ್ಸ್‌ನಲ್ಲಿ, ಮೆಕ್‌ಲಾರೆನ್ ವೋಕಿಂಗ್‌ನಲ್ಲಿ, ವಿಲಿಯಮ್ಸ್ ಗ್ರೋವ್‌ನಲ್ಲಿ, ಆಸ್ಟನ್ ಮಾರ್ಟಿನ್ ಸಿಲ್ವರ್‌ಸ್ಟೋನಿನ ಬಾಗಿಲಲ್ಲೇ. ಜರ್ಮನ್ ಹೆಸರಿರಲಿ, ಆಸ್ಟ್ರಿಯಾದ ದುಡ್ಡಿರಲಿ, ಕಾರು ಕಟ್ಟೋದು ಇಂಗ್ಲೆಂಡಿನ ಹಳ್ಳಿಗಳಲ್ಲಿ.

ಅಮೆರಿಕಕ್ಕೆ ಬರೋಣ. ಅಲ್ಲಿ ಕಾರು ಬಂದಾಗ ಊರ ಹೊರಗಿನ ರಸ್ತೆಗಳು ಕೆಸರು. ಆದರೆ ಸಂಸ್ಥಾನ ಸಂಸ್ಥಾನದಲ್ಲೂ ವರ್ಷಕ್ಕೊಮ್ಮೆ ರೈತರ ಜಾತ್ರೆ ನಡೀತಿತ್ತು. ಆ ಜಾತ್ರೆ ಮೈದಾನಗಳಲ್ಲಿ ಕುದುರೆ ಓಟಕ್ಕೆಂದು ಮಣ್ಣಿನ ಟ್ರ್ಯಾಕು ಆಗಲೇ ಇತ್ತು. ಮೊಟ್ಟೆಯಾಕಾರದ ಟ್ರ್ಯಾಕು, ಸುತ್ತ ಬೇಲಿ, ಒಂದು ಕಡೆ ಕೂರಲು ಮೆಟ್ಟಿಲು, ಬಾಗಿಲಲ್ಲಿ ಟಿಕೆಟ್ಟು. ಕುದುರೆ ಜಾಗದಲ್ಲಿ ಕಾರು ಬಂತು, ಅಷ್ಟೆ. ಮಿಲ್ವಾಕಿಯ ಕುದುರೆ ಟ್ರ್ಯಾಕಿನಲ್ಲಿ 1903ರಲ್ಲೇ ಕಾರು ಓಡಿತು. 1909ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸುಮಾರು 4 ಕಿಲೋಮೀಟರಿನ ಟ್ರ್ಯಾಕ್ ಕಟ್ಟಿದರು. ಜಲ್ಲಿ–ಡಾಂಬರಿನ ನೆಲ ಕಿತ್ತುಹೋಗಿ ಜನ ಸತ್ತಾಗ, ಅದೇ ವರ್ಷ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದರು. 1911ರಲ್ಲಿ ಅಲ್ಲಿ ಮೊದಲ 500 ಮೈಲಿ ರೇಸು. ಯುರೋಪಿನಲ್ಲಿ ರಸ್ತೆ ಬದಿ ನಿಂತವನಿಗೆ ಕಾರು ಒಂದು ಕ್ಷಣ ಕಾಣಿಸಿ ಮಾಯ. ಅಮೆರಿಕದ ಮೆಟ್ಟಿಲಲ್ಲಿ ಕೂತವನಿಗೆ ರೇಸಿನ ಬಹುಪಾಲು ಕಣ್ಣೆದುರೇ. ದುಡ್ಡು ಕೊಟ್ಟವನಿಗೆ ಪೂರ್ತಿ ಆಟ ಕಾಣಬೇಕು ಅನ್ನೋ ಅಭ್ಯಾಸ ಅಲ್ಲಿಂದ ಬಂತು.

ದಕ್ಷಿಣ ರಾಜ್ಯಗಳಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿತು: ಕಳ್ಳಭಟ್ಟಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಅಪಲೇಚಿಯನ್ ಬೆಟ್ಟಗಳ ಬಡ ರೈತರು ಜೋಳದಿಂದ ಸಾರಾಯಿ ಭಟ್ಟಿ ಇಳಿಸಿ ರಾತ್ರಿ ಪೇಟೆಗೆ ಸಾಗಿಸುತ್ತಿದ್ದರು. ನಿಷೇಧ ಹೋದ ಮೇಲೂ ತೆರಿಗೆ ತಪ್ಪಿಸಲು ಈ ದಂಧೆ ನಡೆದೇ ಇತ್ತು. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ಎಂಜಿನ್ನನ್ನ ಅಗ್ಗದ ಕಾರಿಗೇ ಕೊಟ್ಟದ್ದು ಇವರಿಗೆ ವರವಾಯ್ತು. ಹಿಂದೆ ಸಾರಾಯಿ ತುಂಬಿದಾಗ ಕಾರು ಕುಕ್ಕರಿಸಬಾರದು ಅಂತ ಸ್ಪ್ರಿಂಗು ಬಿಗಿ ಮಾಡೋರು. ಪೊಲೀಸರ ಕೈಗೆ ಸಿಗದ ಹಾಗೆ ಓಡಿಸೋದನ್ನ ಕಲಿತರು. ಭಾನುವಾರ ಅದೇ ಕಾರಿನಲ್ಲಿ ಯಾರ ಗಾಡಿ ಜೋರು ಅಂತ ಹೊಲದಲ್ಲಿ ಪಂದ್ಯ. ಬಿಲ್ ಫ್ರಾನ್ಸ್ ಎಂಬಾತ 1947ರ ಡಿಸೆಂಬರಿನಲ್ಲಿ ಡೇಟೋನಾದ ಹೋಟೆಲೊಂದರಲ್ಲಿ ಸಂಘಟಕರನ್ನೂ ಚಾಲಕರನ್ನೂ ಕೂರಿಸಿ ನಾಸ್ಕಾರ್‌ಗೆ ಬುನಾದಿ ಹಾಕಿದ. 1949ರ ಜೂನಿನಲ್ಲಿ ಶಾರ್ಲೆಟ್‌ನಲ್ಲಿ ಅದರ ಮೊದಲ ದೊಡ್ಡ ರೇಸು. ಮೊದಲು ಗುರಿ ಮುಟ್ಟಿದ ಗ್ಲೆನ್ ಡನವೇನ ಕಾರು ಪರಿಶೀಲಿಸಿದರೆ, ಹಿಂದಿನ ಸ್ಪ್ರಿಂಗಿಗೆ ಸಾರಾಯಿ ಸಾಗಿಸುವವರ ಹಿಕಮತ್ತು! ಅವನನ್ನ ಅನರ್ಹ ಮಾಡಿ ಎರಡನೇ ಬಂದ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ನಾರ್ತ್ ಕೆರೊಲಿನಾದ ಜೂನಿಯರ್ ಜಾನ್ಸನ್ 1956ರಲ್ಲಿ ಅಪ್ಪನ ಭಟ್ಟಿಯಲ್ಲಿ ಸಿಕ್ಕಿಬಿದ್ದು ಜೈಲು ಕಂಡ, ಹೊರಗೆ ಬಂದು ಮತ್ತೆ ಗೆದ್ದ, ಒಟ್ಟು 50 ರೇಸು. 1986ರಲ್ಲಿ ಅಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನ ಕೊಟ್ಟರು.

ಜನಪ್ರಿಯತೆ ಅಂದಾಗ ಯಾವ ಜನ ಅಂತಲೂ ಕೇಳಬೇಕು. ವರ್ಜೀನಿಯಾದ ವೆಂಡೆಲ್ ಸ್ಕಾಟ್ ಕಪ್ಪು ಜನಾಂಗದವನು. ಅವನೂ ಸಾರಾಯಿ ಸಾಗಿಸಿಯೇ ಗಾಡಿ ಕಲಿತವನು, ತನ್ನ ಕಾರನ್ನ ತಾನೇ ರಿಪೇರಿ ಮಾಡಿಕೊಳ್ತಿದ್ದವನು. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಅವನೇ ಗೆದ್ದ. ಆದರೆ ಬಾವುಟ ಬೀಸಿದ್ದು, ಟ್ರೋಫಿ ಕೊಟ್ಟದ್ದು ಬಿಳಿಯ ಚಾಲಕ ಬಕ್ ಬೇಕರ್‌ಗೆ. ಜನ ಮನೆಗೆ ಹೋದ ಮೇಲೆ, ಲೆಕ್ಕ ತಪ್ಪಾಗಿತ್ತು, ಸ್ಕಾಟನೇ ಗೆದ್ದದ್ದು ಅಂದರು. ಅವನು ಬದುಕಿರೋವರೆಗೆ ಆ ಟ್ರೋಫಿ ಕೈಗೆ ಬರಲಿಲ್ಲ. 1990ರಲ್ಲಿ ತೀರಿಕೊಂಡ. 2021ರಲ್ಲಿ ಅವನ ಮನೆಯವರಿಗೆ ಟ್ರೋಫಿ ಕೊಟ್ಟರು. ಅದೇ ಮಣ್ಣು, ಅದೇ ಗಾಡಿ, ಅದೇ ಸಾರಾಯಿ. ಆದರೂ ಆ ಮೆಟ್ಟಿಲುಗಳಲ್ಲಿ ಕಪ್ಪು ಜನ ಯಾಕೆ ಕಡಿಮೆ ಅನ್ನೋದಕ್ಕೆ ಬೇರೆ ಸಂಶೋಧನೆ ಬೇಕಿಲ್ಲ.

ಈಗ ಮೊದಲಿಗೆ ಬಿಟ್ಟುಬಂದ ಫಿನ್‌ಲ್ಯಾಂಡು. ಅಲ್ಲಿ ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತೆ, ವಸಂತದಲ್ಲಿ ಕರಗಿ ಕುಸಿಯುತ್ತೆ. ಅಂಥ ನೆಲದ ಮೇಲೆ ಡಾಂಬರು ಬಾಳೋದು ಕಷ್ಟ. ಜಲ್ಲಿ ರಸ್ತೆಯಾದರೆ ವರ್ಷಕ್ಕೊಮ್ಮೆ ಕೆರೆದು ಸಮ ಮಾಡಿದರಾಯ್ತು. ಹಾಗಾಗಿ ಕಾಡಿನ ನಡುವೆ, ಕೆರೆಗಳ ಪಕ್ಕದಲ್ಲಿ, ದಿಬ್ಬ ಹತ್ತಿ ಇಳಿಯುವ ಸಾವಿರಾರು ಕಿಲೋಮೀಟರ್ ಜಲ್ಲಿ ರಸ್ತೆ. ಮೈಲಿಗೊಂದು ಮನೆ. ರೇಸಿಗೆ ರಸ್ತೆ ಮುಚ್ಚಿದರೆ ತೊಂದರೆಯಾಗೋದು ನಾಲ್ಕು ಜನಕ್ಕೆ, ಅವರೂ ಕುರ್ಚಿ ಹಾಕಿಕೊಂಡು ನೋಡೋಕೆ ಕೂತಿರ್ತಾರೆ. 1951ರಲ್ಲಿ ಯುವಾಸ್ಕುಲಾ ಎಂಬ ಊರಿನಲ್ಲಿ ಶುರುವಾದ ಓಟ ಮುಂದೆ 'ಸಾವಿರ ಕೆರೆಗಳ ರ‍್ಯಾಲಿ' ಅಂತ ಜಗತ್ಪ್ರಸಿದ್ಧವಾಯ್ತು. ಅದರ ಓನಿನ್‌ಪೊಹ್ಯಾ ಎಂಬ ಹಂತದಲ್ಲಿ ಒಂದು ಹಳದಿ ಮನೆ ಇದೆ. ಅದರೆದುರಿನ ದಿಬ್ಬದಲ್ಲಿ ಕಾರು ಎಷ್ಟು ದೂರ ಹಾರಿತು ಅಂತ ಅಳೆಯೋದೇ ಒಂದು ಹಬ್ಬ.

ಅಲ್ಲಿನ ಮಕ್ಕಳು ತೋಟದ ಹಾದಿಯಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಟೀರಿಂಗ್ ಹಿಡಿದು ಬೆಳೆಯುತ್ತಾರೆ. ಡ್ರೈವಿಂಗ್ ಲೈಸೆನ್ಸಿನ ತರಬೇತಿಯಲ್ಲೇ ಜಾರುವ ರಸ್ತೆಯ ಪಾಠ ಇದೆ. ಇದರ ಜೊತೆಗೆ 'ಯೊಕ್ಕಿಸ್' ಅನ್ನೋ ಬಡವರ ರೇಸು. ಅದರಲ್ಲಿ ಓಡುವ ಪ್ರತಿ ಕಾರಿಗೂ ಮೊದಲೇ ಒಂದು ಕಡಿಮೆ ಬೆಲೆ ನಿಗದಿ. ರೇಸು ಮುಗಿದ ಮೇಲೆ ಬೇಕಾದವರು ಆ ಬೆಲೆ ಕೊಟ್ಟು ಯಾರ ಕಾರನ್ನಾದರೂ ಕೊಳ್ಳಬಹುದು. ಮಾರಲ್ಲ ಅನ್ನೋ ಹಾಗಿಲ್ಲ. ಅಂದಮೇಲೆ ಶ್ರೀಮಂತನ ಮಗ ಲಕ್ಷ ಸುರಿದು ಕಾರು ಕಟ್ಟಿದರೆ ಸಂಜೆಗೆ ಅದು ಪಕ್ಕದೂರಿನ ರೈತನ ಪಾಲು. ಎಂಥ ನಿಯಮ ನೋಡಿ! ದುಡ್ಡಿಗಿಂತ ಕೈಚಳಕ ಮುಂದೆ ಬರುವ ಹಾಗೆ ಮಾಡೋಕೆ ಇದಕ್ಕಿಂತ ಸರಳ ಉಪಾಯ ನನಗೆ ಬೇರೆಲ್ಲೂ ಕಂಡಿಲ್ಲ.

ಕಾರೇ ಸಿಗದ ದೇಶಗಳ ಕಥೆ ಇನ್ನೊಂದು ಥರ. ಯುದ್ಧದ ನಂತರದ ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಸಾಮಾನ್ಯನಿಗೆ ಕಾರು ಕನಸು. ಮೋಟಾರ್‌ಸೈಕಲ್ ಹೇಗೋ ಎಟುಕುತ್ತಿತ್ತು. ಸ್ಪೀಡ್‌ವೇಗೆ ಬೇಕಾದ್ದು ಫುಟ್‌ಬಾಲ್ ಮೈದಾನದಷ್ಟು ಜಾಗ, ಮಣ್ಣಿನ ಒಂದು ಸುತ್ತು. ನಾಲ್ಕು ಸವಾರರು, ನಾಲ್ಕು ಸುತ್ತು, ಒಂದು ನಿಮಿಷದಲ್ಲಿ ಆಟ ಮುಗೀತು. ಬೈಕಿಗೆ ಒಂದೇ ಗೇರು, ಬ್ರೇಕಿಲ್ಲ, ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿಯೇ ವೇಗ ತಗ್ಗಿಸಬೇಕು. ಊರೂರಿಗೆ ತಂಡ, 1948ರಿಂದ ಲೀಗು. ಯುದ್ಧದ ನಂತರ ಗಡಿ ಸರಿದು ಗೋಝುಫ್, ಝೆಲೋನಾ ಗೂರಾದಂಥ ಪಶ್ಚಿಮದ ಊರುಗಳಿಗೆ ಜನ ಎಲ್ಲೆಲ್ಲಿಂದಲೋ ಬಂದು ನೆಲೆಸಿದ್ದರು. ಹೊಸ ಊರಿನಲ್ಲಿ 'ನಮ್ಮದು' ಅನ್ನೋಕೆ ಅವರಿಗೆ ಸಿಕ್ಕಿದ್ದು ಈ ತಂಡ ಅಂತ ನನ್ನ ಎಣಿಕೆ. 1973ರಲ್ಲಿ ಹೋಝುಫ್ ಕ್ರೀಡಾಂಗಣದಲ್ಲಿ ವಿಶ್ವ ಫೈನಲ್ ನಡೆದಾಗ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು, ತಮ್ಮವನೇ ಆದ ಯೆಝಿ ಶ್ಚಾಕಿಯೆಲ್ ಗೆಲ್ಲೋದನ್ನ ಕಂಡರು. ಆ ಕಾಲದಲ್ಲಿ ಪೂರ್ವ ಯುರೋಪಿನ ಸ್ಪೀಡ್‌ವೇ ಬೈಕು ಅಂದ್ರೆ ಚೆಕೊಸ್ಲೊವಾಕಿಯಾದ ಜಾವಾ. ಹೌದು, ನಮ್ಮ ಮೈಸೂರಿನ ಐಡಿಯಲ್ ಜಾವಾಕ್ಕೆ ಹೆಸರು, ತಂತ್ರಜ್ಞಾನ ಕೊಟ್ಟ ಅದೇ ಕಂಪನಿ.

ಸ್ಪೇನ್ ಕೂಡ ಹಾಗೇ. ಫ್ರಾಂಕೋನ ಆಳ್ವಿಕೆಯಲ್ಲಿ ವಿದೇಶಿ ಗಾಡಿಗಳಿಗೆ ಬಾಗಿಲು ಮುಚ್ಚಿತ್ತು. ಬಾರ್ಸಿಲೋನಾ ಸುತ್ತಮುತ್ತ ಮೊಂಟೆಸಾ, ಬುಲ್ಟಾಕೋ, ಡೆರ್ಬಿ ಅಂತ ಸಣ್ಣ ಬೈಕು ಮಾಡುವ ಕಂಪನಿಗಳು ಬೆಳೆದವು. ಬಡ ಮನೆಯಿಂದ ಬಂದ ಆಂಖೆಲ್ ನಿಯೆತೋ 50 ಮತ್ತು 125 ಸಿಸಿ ಬೈಕುಗಳಲ್ಲೇ ಹದಿಮೂರು ಸಲ ವಿಶ್ವ ಚಾಂಪಿಯನ್ ಆದ. ಹದಿಮೂರು ಅಪಶಕುನ ಅಂತ '12+1' ಅಂತಲೇ ಹೇಳ್ತಿದ್ದ. ಇವತ್ತಿನ ಮೋಟೋಜಿಪಿಯಲ್ಲಿ ಸ್ಪೇನಿನವರ ದರ್ಬಾರು ನೋಡಿದಾಗ ನನಗೆ ಆ 50 ಸಿಸಿ ಬೈಕು ನೆನಪಾಗುತ್ತೆ.

ಹಾಗಾದ್ರೆ ನಮ್ಮಲ್ಲಿ? ವಿದೇಶಿ ಗಾಡಿಗೆ ಬಾಗಿಲು ಮುಚ್ಚಿದ್ದು ನಮ್ಮಲ್ಲೂ ಇತ್ತು. ಸಣ್ಣ ಬೈಕು ನಮ್ಮಲ್ಲಿದ್ದಷ್ಟು ಎಲ್ಲೂ ಇಲ್ಲ. ಹುಚ್ಚಿಗೂ ಕೊರತೆಯಿಲ್ಲ. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತು ದಶಕಗಳಾದರೂ ಇವತ್ತಿಗೂ ಅದನ್ನ ಮಗುವಿನ ಹಾಗೆ ಸಾಕುವವರು ಊರೂರಲ್ಲಿದ್ದಾರೆ. ಇಲ್ಲದ್ದು ಜಾಗ. ಜಾಗ ಸಿಕ್ಕ ಕಡೆ ರೇಸು ಬೆಳೆದೇ ಬೆಳೆದಿದೆ. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ಹಳೇ ಏರ್‌ಸ್ಟ್ರಿಪ್ ಇತ್ತು, ಥೇಟ್ ಸಿಲ್ವರ್‌ಸ್ಟೋನಿನ ಹಾಗೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ದಶಕಗಳ ಕಾಲ ರೇಸು ನಡೆಸಿದರು, ಸಾವಿರಾರು ಜನ ನೋಡಲು ಬರ್ತಿದ್ದರು. ಅಲ್ಲಿಂದ ಮುಂದೆ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬಂತು. ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ ಎಂಜಿನ್ ಕೂರಿಸಿ ರೇಸ್ ಕಾರು ಕಟ್ಟಿದರು. ಆ ಫಾರ್ಮುಲಾ ಮಾರುತಿಯಲ್ಲಿ ರೇಸು ಶುರುಮಾಡಿದ ಹುಡುಗ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯನಾದ. ಜಾಗ, ಅಗ್ಗದ ಗಾಡಿ ಎರಡೂ ಕೂಡಿದ್ದರ ಫಲ ಅದು.

ಇದಕ್ಕೆ ವಿರುದ್ಧವಾಗಿ ಮೇಲಿನಿಂದ ತಂದು ಇಟ್ಟ ರೇಸಿನ ಗತಿಯನ್ನೂ ನಾವು ಕಂಡಿದ್ದೇವೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ಟಿನಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ನಡೀತು, ಮೂರು ಸಲವೂ ವೆಟಲ್ ಗೆದ್ದ. ಇದು ಕ್ರೀಡೆಯಲ್ಲ ಮನರಂಜನೆ ಅಂತ ಉತ್ತರ ಪ್ರದೇಶ ಸರ್ಕಾರ ತೆರಿಗೆ ಹಾಕಿತು, ತಕರಾರು ಬೆಳೆದು ರೇಸು ನಿಂತಿತು. ಟ್ರ್ಯಾಕು ಚೆನ್ನಾಗೇ ಇತ್ತು. ಅದರ ಕೆಳಗೆ ಯೊಕ್ಕಿಸ್ ಥರದ್ದು, ಆಸ್ಟಿನ್ ಸೆವೆನ್ ಥರದ್ದು ಏನೂ ಇರಲಿಲ್ಲ.

ಕರ್ನಾಟಕದಲ್ಲಿ ಅಂಥ ದೊಡ್ಡ ಟ್ರ್ಯಾಕ್ ಇಲ್ಲ. ಆದರೆ ನಮಗೆ ಇನ್ನೊಂದು ಇದೆ: ಕಾಫಿ ತೋಟದ ಒಳರಸ್ತೆ. ಚಿಕ್ಕಮಗಳೂರಿನ ತೋಟಗಳೊಳಗಿನ ಮಣ್ಣಿನ ಹಾದಿ ಖಾಸಗಿ ಜಮೀನು. ಲಾಕ್ ಕಿಂಗನ ಬ್ರೂಕ್‌ಲ್ಯಾಂಡ್ಸ್ ಲೆಕ್ಕವೇ ಇಲ್ಲೂ. ತೋಟದ ಮಾಲೀಕರು ಒಪ್ಪಿದರೆ ರ‍್ಯಾಲಿಗೆ ಹಾದಿ ಸಿಕ್ಕಿತು. ರಾಷ್ಟ್ರೀಯ ರ‍್ಯಾಲಿ ಮಾತ್ರ ಅಲ್ಲ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತೂ ಅಲ್ಲಿ ನಡೆದಿದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಗೂ ದಶಕಗಳ ಇತಿಹಾಸ ಇದೆ. ಅದರ ಫಲ ಎಲ್ಲಿ ಕಾಣುತ್ತೆ ಅಂದ್ರೆ, ನಮ್ಮವರು ಹೆಸರು ಮಾಡಿದ್ದು ಡಾಂಬರಿನಲ್ಲಲ್ಲ, ಮಣ್ಣಿನಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ಡಕಾರ್ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅದೇ ವರ್ಷ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ತಮಿಳುನಾಡಿಗೆ ರನ್‌ವೇ ಸಿಕ್ಕಿತು, ನಮಗೆ ತೋಟ ಸಿಕ್ಕಿತು. ಎರಡು ರಾಜ್ಯದವರ ರಕ್ತದಲ್ಲಿ ಅಂಥ ವ್ಯತ್ಯಾಸ ಏನೂ ಇಲ್ಲ ತಾನೆ?

ಜಾಗ ಇಲ್ಲದಿದ್ದರೆ ರೇಸು ಇರಲ್ಲ ಅಂತಲ್ಲ. ಅದು ರಸ್ತೆಗೆ ಬರುತ್ತೆ. ಬೆಂಗಳೂರಿನಲ್ಲಿ ಬೆಳಗಿನ ಜಾವ ವಿಮಾನ ನಿಲ್ದಾಣದ ರಸ್ತೆಗೋ ಹೊರವರ್ತುಲ ರಸ್ತೆಗೋ ಹೋಗಿ ನೋಡಿ. ಹೆಲ್ಮೆಟ್ಟಿಲ್ಲದ ಹುಡುಗರು ಸ್ಕೂಟರಿನ ಮುಂದಿನ ಚಕ್ರ ಎತ್ತಿ ಓಡಿಸ್ತಿರ್ತಾರೆ. ಪೊಲೀಸರು ಕೇಸು ಹಾಕ್ತಾರೆ, ಗಾಡಿ ಹಿಡೀತಾರೆ, ಮರುವಾರ ಅದೇ. ಯಾವುದೋ ಹುಡುಗ ಸಾಯ್ತಾನೆ, ಕೆಲವೊಮ್ಮೆ ಅವನ ಜೊತೆ ಏನೂ ಅರಿಯದ ದಾರಿಹೋಕರೂ. ಯುದ್ಧದ ನಂತರದ ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಇತ್ತು. ಹಳೇ ಫೋರ್ಡುಗಳನ್ನ ಜೋರು ಮಾಡಿಕೊಂಡ ಹುಡುಗರು ಸಿಗ್ನಲ್ಲಿಂದ ಸಿಗ್ನಲ್ಲಿಗೆ ರೇಸು ಕಟ್ಟಿ ಸಾಯ್ತಿದ್ದರು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬ ಪತ್ರಿಕಾ ಸಂಪಾದಕ ಅವರನ್ನೆಲ್ಲ ಸೇರಿಸಿ ಸಂಘ ಕಟ್ಟಿದ. ಖಾಲಿ ಏರ್‌ಸ್ಟ್ರಿಪ್ಪುಗಳಲ್ಲಿ, ಮೈದಾನಗಳಲ್ಲಿ ಕಾಲು ಮೈಲಿ ನೇರ ಹಾದಿ ಗುರುತು ಮಾಡಿದರು, ಸೀಟ್ ಬೆಲ್ಟು, ಬ್ರೇಕು ತಪಾಸಣೆ ಮಾಡಿ ಓಡಲು ಬಿಟ್ಟರು. ಪೊಮೋನಾ ಊರಿನ ಪೊಲೀಸರೇ ಮುಂದೆ ನಿಂತು ಜಾಗ ಕೊಡಿಸಿದರು. 1953ರಲ್ಲಿ ಅಲ್ಲಿ ಸಂಘದ ಮೊದಲ ಅಧಿಕೃತ ಡ್ರ್ಯಾಗ್ ರೇಸು ನಡೀತು. ಇವತ್ತು ಅದು ಅಮೆರಿಕದ ದೊಡ್ಡ ಕ್ರೀಡೆಗಳಲ್ಲಿ ಒಂದು. ಪೊಲೀಸರು ಆ ಹುಡುಗರಿಗೆ ಬುದ್ಧಿ ಹೇಳಿ ಬದಲಾಯಿಸಿದ್ದಲ್ಲ. ಓಡೋಕೆ ನಾನೂರು ಮೀಟರ್ ಜಾಗ ಕೊಟ್ಟರು.

ನಮ್ಮ ಪ್ರತಿ ಜಿಲ್ಲೆಯಲ್ಲೂ ನಾನೂರು ಮೀಟರ್ ಖಾಲಿ ನೆಲ ಸಿಗಲ್ಲ ಅಂದ್ರೆ ನಂಬೋಕೆ ಕಷ್ಟ. ಮಂಡ್ಯದ ಹೊರಗೆ, ಹುಬ್ಬಳ್ಳಿಯ ಹೊರಗೆ, ಕಲಬುರಗಿಯ ಹೊರಗೆ ಒಂದೊಂದು ಮಣ್ಣಿನ ಸುತ್ತು, ಒಂದು ಆಂಬುಲೆನ್ಸು, ಹೆಲ್ಮೆಟ್ ನೋಡೋಕೆ ಒಬ್ಬ ಕಟ್ಟುನಿಟ್ಟಿನ ಮನುಷ್ಯ, ನೂರು ಸಿಸಿ ಮೀರದ ಹಳೇ ಬೈಕುಗಳಿಗೆ ಮಾತ್ರ ಪ್ರವೇಶ, ರೇಸು ಮುಗಿದ ಮೇಲೆ ನಿಗದಿತ ಬೆಲೆಗೆ ಯಾರು ಬೇಕಾದರೂ ಕೊಳ್ಳಬಹುದು ಅನ್ನೋ ಫಿನ್‌ಲ್ಯಾಂಡಿನ ನಿಯಮ. ಹೀಗೆ ಹತ್ತು ವರ್ಷ ನಡೆಸಿ, ಆಮೇಲೆ ನಮ್ಮವರಿಗೆ ಯಾವ ರೇಸು ಇಷ್ಟ ಅಂತ ಕೇಳೋಣ.